ಮುಗಿದ ಕೆಲಸದ ಖಾನೆ

ಅಂಗಡಿಯ ಶಟರ್ ಆಗಷ್ಟೇ ಎತ್ತಿದ್ದೆ. ಹೊಲಿಗೆ ಯಂತ್ರದ ಮೇಲೆ ಒಂದು ಕಪ್ಪು ಚರ್ಮದ ಚೀಲವಿತ್ತು. ಹಿಂದಿನ ಸಂಜೆ ಕ್ಯಾಮೆರಾ ಡಾಕ್ಟರು, ಅಂದರೆ ನಮ್ಮ ಬೀದಿಯ ಕ್ಯಾಮೆರಾ ರಿಪೇರಿಯವರು, ಕೊಟ್ಟುಹೋದದ್ದು. ಅಂಚಿನ ಹೊಲಿಗೆ ಬಿಟ್ಟಿತ್ತು. ಚರ್ಮಕ್ಕೆ ಆಗುವ ದಪ್ಪ ಸೂಜಿ ಹುಡುಕುತ್ತಿದ್ದೆ, ಅಷ್ಟರಲ್ಲಿ ಡಾಕ್ಟರ ಮಗಳೇ ಓಡಿಬಂದು ನಿಂತಳು. ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಅವಳಪ್ಪನದು.

"ಅಂಕಲ್, ನಿಮ್ಮ ಭಾವ ಇದಾರಾ? ನಮ್ಮ ವರ್ಕ್‌ಶಾಪಿನ ಕಿಟಕಿ ಒಡೆದಿದಾರೆ. ಅಜ್ಜಿ ಕ್ಯಾಮೆರಾ ಹೋಯ್ತು."

"ಯಾವುದು, ಈ ಚೀಲದ್ದಾ?"

ಅವಳು ಯಂತ್ರದ ಮೇಲಿದ್ದ ಚೀಲವನ್ನು ಆಗಷ್ಟೇ ನೋಡಿದ್ದು. "ಇದು ಇಲ್ಲಿದೆಯಾ? ಅಪ್ಪ ಯಾವಾಗ ಕೊಟ್ರು? ನಾನು ಕಪ್ಪು ಚೀಲದ ಸಮೇತ ಹೋಯ್ತು ಅಂದ್ಕೊಂಡಿದ್ದೆ." ಅಷ್ಟು ಹೇಳಿ ಬಾಗಿಲ ಕಂಬ ಹಿಡಿದುಕೊಂಡಳು. "ಅಜ್ಜಿ ಆಗಲೇ ರೈಲು ಹತ್ತಿದಾರೆ. ಸಂಜೆ ಬರ್ತಾರೆ. ಅವರಿಗೆ ಏನಂತ ಹೇಳಲಿ?"

ಮೇಲಿನ ಮನೆಯಿಂದ ಭಾವ ಇಳಿದು ಬಂದರು. ಭಾವ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಸಂಬಂಧದ ಲೆಕ್ಕದಲ್ಲಿ ಷಡ್ಡಕ. ಬೆಂಕಿ ವಿಮೆಯ ಕಂಪನಿಯೊಂದರಲ್ಲಿ ಸುಟ್ಟ ಗೋದಾಮುಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಬೀದಿಯವರ ಕಷ್ಟಗಳೇ ಅವರ ಬೂದಿ. ಮಂಡಿ ನೋವಿನಿಂದಾಗಿ ಹೋದಲ್ಲೆಲ್ಲ ಒಂದು ಮಡಚುವ ಸ್ಟೂಲ್ ಬೇಕು. ಅದನ್ನು ಹೊರುವವನು ನಾನು. ನನ್ನ ಹೆಂಡತಿ ಇದಕ್ಕೆ 'ಸ್ಟೂಲ್ ಸೇವೆ' ಎಂದು ಹೆಸರಿಟ್ಟಿದ್ದಾಳೆ.

"ಮೊದಲು ಕೂತ್ಕೊ ತಾಯಿ. ಏನು ವಿಶೇಷ ಆ ಕ್ಯಾಮೆರಾದಲ್ಲಿ?" ಎಂದು ಕೇಳಿದರು ಭಾವ.

"ಅದರೊಳಗೆ ಫಿಲ್ಮ್ ಇದೆ."

ಆಕೆ ಹೇಳಿದ್ದು ಇಷ್ಟು. ದೂರದ ಊರಿನ ಒಬ್ಬ ಅಜ್ಜಿ, ನಿವೃತ್ತ ನರ್ಸ್. ಅವರ ಒಬ್ಬಳೇ ಮಗಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಅವಳ ಟ್ರಂಕಿನಲ್ಲಿ ಸಿಕ್ಕ ಕ್ಯಾಮೆರಾ ಕೆಟ್ಟುನಿಂತಿತ್ತು, ಆದರೆ ಒಳಗೆ ಮಗಳು ತೆಗೆದ ಫಿಲ್ಮ್ ಹಾಗೇ ಉಳಿದಿತ್ತು. ಊರಿನಲ್ಲಿ ಯಾರೂ ಕೈ ಹಚ್ಚಲಿಲ್ಲ. ಅಜ್ಜಿಯ ಪಕ್ಕದ ಮನೆಯವರು ಅಂತರ್ಜಾಲದಲ್ಲಿ ಹುಡುಕಿ ಈ ಅಂಗಡಿಯ ಪುಟ ತೋರಿಸಿದ್ದರು. ಡಾಕ್ಟರು ಕ್ಯಾಮೆರಾ ಸರಿಮಾಡಿ, ಅದರ ಹಿಂಬಾಗಿಲು, ಅಂದರೆ ಫಿಲ್ಮ್ ಹಾಕುವ ಮುಚ್ಚಳ, ತೆರೆಯದೆ ಹಾಗೇ ಇಟ್ಟಿದ್ದರು. ಅಜ್ಜಿ ಬಂದ ಮೇಲೆ ಅವರೆದುರಿಗೇ ಫಿಲ್ಮ್ ತೊಳೆದು ಚಿತ್ರ ಮೂಡಿಸುವುದೆಂದು ಮಾತಾಗಿತ್ತು.

"ಕದ್ದವನಿಗೆ ಇದು ಗೊತ್ತಿಲ್ಲ ಅಂಕಲ್. ಪುಟದಲ್ಲಿ ನಾನು ಫಿಲ್ಮ್ ವಿಷಯ ಬರೆದಿಲ್ಲ. ಅದು ಅಜ್ಜಿ ಮನೆಯ ದುಃಖ, ಜಾಹೀರಾತು ಮಾಡೋದಲ್ಲ. ಆದ್ರೆ ಕದ್ದವನು ಕುತೂಹಲಕ್ಕೆ ಒಂದು ಸಲ ಹಿಂಬಾಗಿಲು ತೆರೆದ ಅಂದ್ರೆ ಬೆಳಕು ಬಿದ್ದು ಎಲ್ಲಾ ಹೋಗುತ್ತೆ."

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕೆಲಸ ಹಿಡಿದರೆಂದು ಅದಕ್ಕೆ ಅರ್ಥ. ನಾನು ಸ್ಟೂಲ್ ಎತ್ತಿಕೊಂಡೆ.

ಆ ಅಂಗಡಿಯ ಕತೆ ನಮ್ಮ ಬೀದಿಗೆಲ್ಲ ಗೊತ್ತು. ಮುಂದುಗಡೆ ಸ್ಟುಡಿಯೋ, ಅದು ಡಾಕ್ಟರ ತಮ್ಮನದು. ಇಡೀ ಬೀದಿ ಅವರನ್ನು 'ಸ್ಟುಡಿಯೋ ಚಿಕ್ಕಪ್ಪ' ಎನ್ನುತ್ತದೆ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಅವರ ಹತ್ತಿರ ಪಾಸ್‌ಪೋರ್ಟ್ ಅಳತೆಯ ಮುಖಗಳಷ್ಟೇ ಉಳಿದವು. ಹಿಂದುಗಡೆ ಡಾಕ್ಟರ ವರ್ಕ್‌ಶಾಪ್. ಹಳೆಯ ಕ್ಯಾಮೆರಾ ರಿಪೇರಿಗೆ ಬೀದಿಯಲ್ಲಿ ಗಿರಾಕಿ ಎಲ್ಲಿ? ಬರುತ್ತಿದ್ದ ಅಷ್ಟಿಷ್ಟು ಕೆಲಸ ಬರುತ್ತಿದ್ದದ್ದು ಡಾಕ್ಟರ ತೀರಿಹೋದ ಹೆಂಡತಿಯ ತಮ್ಮನಿಂದ, ಅಂದರೆ ಈ ಹುಡುಗಿಯ ಸೋದರಮಾವನಿಂದ. ಆತ ದೊಡ್ಡ ಊರುಗಳ ಅಂಗಡಿಗಳಿಂದ ಕ್ಯಾಮೆರಾ ತರುವುದು, ಡಾಕ್ಟರು ಜೀವ ತುಂಬುವುದು, ಬೆಣ್ಣೆ ಮಾವನಿಗೆ, ಮಜ್ಜಿಗೆ ಡಾಕ್ಟರಿಗೆ.

ಮಗಳು ಈ ಲೆಕ್ಕ ಬದಲಿಸಿದಳು. ಅಂಗಡಿಗೊಂದು ಪುಟ ಮಾಡಿ, ಅಪ್ಪನ ಬೆರಳುಗಳು ಲೆನ್ಸ್ ಬಿಚ್ಚಿ ಜೋಡಿಸುವ ಪುಟ್ಟ ವಿಡಿಯೋಗಳನ್ನು ಹಾಕಿದಳು. ಪಾರ್ಸೆಲ್ ಬಂದ ಕೂಡಲೇ ಅದನ್ನು ಬಿಚ್ಚುವುದನ್ನೂ ಚಿತ್ರೀಕರಿಸಿ ಗಿರಾಕಿಗೆ ಕಳಿಸುತ್ತಿದ್ದಳು. ಬಂದಾಗ ಹೇಗಿತ್ತು ಎಂಬ ಬಗ್ಗೆ ಮುಂದೆ ತಕರಾರು ಬರಬಾರದಲ್ಲ. ರೇಟು ಮೊದಲೇ ಹೇಳುವಳು. ಆಗದ ಕೆಲಸವನ್ನು ಆಗದು ಎಂದೇ ಬರೆಯುವಳು. ಬಂದ ಪ್ರತಿ ಪ್ರಶ್ನೆಗೂ, ಅದು ಎಷ್ಟೇ ಪೆದ್ದಾಗಿರಲಿ, ಉತ್ತರ ಕೊಡುವಳು. ನಿಧಾನವಾಗಿ ಎಲ್ಲೆಲ್ಲಿಂದಲೋ ಪೆಟ್ಟಿಗೆಗಳು ಬರತೊಡಗಿದವು. ಡಾಕ್ಟರು ನನ್ನ ಹತ್ತಿರ ಹೊಸ ಅಂಗಿಗಳನ್ನು ಹೊಲಿಸಿದ್ದೇ ಆಮೇಲೆ.

ನಾವು ಹೋದಾಗ ಡಾಕ್ಟರು ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಎಡಎದೆಯ ಜೇಬಿನಿಂದ ಸ್ಕ್ರೂಡ್ರೈವರ್‌ಗಳ ತಲೆಗಳು ಎಂದಿನಂತೆ ಇಣುಕುತ್ತಿದ್ದವು; ಆದರೆ ಕೈ ಕೆಲಸ ಮಾಡುತ್ತಿರಲಿಲ್ಲ. ಹಿತ್ತಲ ಓಣಿಗೆ ತೆರೆಯುವ ಕಿಟಕಿಯ ಗಾಜು ಒಡೆದು ನೆಲದ ತುಂಬ ಚೂರು. ಗೋಡೆಗೆ ಹೊಂದಿಕೊಂಡು ಸಣ್ಣ ಖಾನೆಗಳ ಮರದ ಅಲಮಾರು. ಎಲ್ಲ ಖಾನೆಗಳೂ ಒಂದೇ ಅಳತೆ, ಎಲ್ಲಕ್ಕೂ ಒಂದೇ ಥರದ ಬೀಗ, ಒಂದಕ್ಕೂ ಗುರುತಿನ ಚೀಟಿ ಇಲ್ಲ. ನಡುವಿನ ಸಾಲಿನ ಬಲತುದಿಯ ಖಾನೆಯೊಂದನ್ನು ಮಾತ್ರ ಮೀಟಿ ತೆಗೆಯಲಾಗಿತ್ತು. ಬೇರೆ ಯಾವ ಖಾನೆಗೂ ಗೀರು ಕೂಡ ಬಿದ್ದಿರಲಿಲ್ಲ.

"ಅದು ಮುಗಿದ ಕೆಲಸದ ಖಾನೆ," ಎಂದರು ಡಾಕ್ಟರು. "ರಿಪೇರಿ ಆದದ್ದೆಲ್ಲ ಅದರಲ್ಲೇ ಇಡೋದು. ನನ್ನ ಅಪ್ಪನ ಕಾಲದಿಂದ ಹಾಗೇ."

ಸ್ಟುಡಿಯೋ ಚಿಕ್ಕಪ್ಪ ಒಳಬಾಗಿಲಲ್ಲೇ ನಿಂತಿದ್ದರು. "ನನ್ನನ್ನ ಕೇಳಬೇಡಿ. ಈ ಪುಟ ಗಿಟ ಶುರುವಾದಾಗಿಂದ ನಾನು ಇತ್ತ ತಲೆ ಹಾಕಿಲ್ಲ. ಅದರಲ್ಲಿ ಏನಿದೆ ಅಂತ ಇವತ್ತಿಗೂ ನೋಡಿಲ್ಲ," ಎಂದು ಹೇಳಿ ಸ್ಟುಡಿಯೋಗೆ ಮರಳಿದರು. ಅವರ ದನಿಯಲ್ಲಿ ಹಳೆಯ ಮುನಿಸೊಂದು ಇತ್ತು.

"ಇದು ಕಿಟಕಿ ಕೆಳಗೆ ಬಿದ್ದಿತ್ತು," ಎಂದು ಮಗಳು ಸುಕ್ಕಿಲ್ಲದ ಒಂದು ಕಾಗದವನ್ನು ಭಾವನ ಕೈಗಿಟ್ಟಳು.

ಅದು ಅವರ ಪುಟದ ಮೇಲ್ಭಾಗದ ಚಿತ್ರದ ಪ್ರಿಂಟು. ಚಿತ್ರದಲ್ಲಿ ಕಿಟಕಿ, ಬಾಗಿಲು ಏನೂ ಇರಲಿಲ್ಲ. ಖಾನೆಗಳ ಅಲಮಾರು ಮತ್ತು ಡಾಕ್ಟರು, ಅಷ್ಟೇ. ಡಾಕ್ಟರು ಬಲಎದೆಯ ಜೇಬಿನ ತುಂಬ ಸ್ಕ್ರೂಡ್ರೈವರ್ ಇಟ್ಟುಕೊಂಡು, ನಗುಮುಖದಿಂದ, ಎಡತುದಿಯ ಖಾನೆಯೊಳಗೆ ಕ್ಯಾಮೆರಾವೊಂದನ್ನು ಇಡುತ್ತಿದ್ದರು. 'ರಿಪೇರಿಯಾದ ಕ್ಯಾಮೆರಾ ನಿಮ್ಮ ಕೈ ಸೇರುವ ತನಕ ಇದೇ ಖಾನೆಯಲ್ಲಿ ಭದ್ರ' ಎಂದು ಪಕ್ಕದಲ್ಲಿ ಬರೆದಿತ್ತು. ಆ ಖಾನೆಯ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆದಿದ್ದರು.

"ನೋಡಿದ್ರಾ?" ಎಂದಳು ಮಗಳು, ನೆಲ ನೋಡುತ್ತ. "ಕಳ್ಳನಿಗೆ ದಾರಿ ತೋರಿಸಿದ್ದು ನಾನೇ."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಸೋದರಮಾವ ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಬಂದು, ಅದನ್ನು ಮೇಜಿನ ಮೇಲೆ ಇಟ್ಟು, ಸೊಂಟಕ್ಕೆ ಕೈಕೊಟ್ಟು ಒಡೆದ ಕಿಟಕಿಯನ್ನೂ ತೆರೆದ ಖಾನೆಯನ್ನೂ ನೋಡಿದರು.

"ಮಗಳು ಫೋನ್ ಮಾಡಿದ ತಕ್ಷಣ ಬಂದೆ ಭಾವ," ಎಂದರು ಡಾಕ್ಟರಿಗೆ. "ತಿಂಗಳುಗಳಾದ್ವು ಈ ಕೋಣೆಗೆ ಕಾಲಿಟ್ಟು. ಬಂದ್ರೆ ಇದನ್ನ ನೋಡಬೇಕಾಯ್ತು. ನಾನು ಆವತ್ತೇ ಬಡ್ಕೊಂಡೆ. ಮನೆ ಒಳಗಿನದನ್ನೆಲ್ಲ ಊರಿಗೆ ತೋರಿಸಿದ್ರೆ ಊರು ಸುಮ್ನಿರುತ್ತಾ?"

"ಮಾವ, ಅದರೊಳಗೆ ಫಿಲ್ಮ್ ಇತ್ತು," ಎಂದಳು ಮಗಳು. "ತೀರಿಹೋದ ಮಗಳು ತೆಗೆದದ್ದು. ಅದಕ್ಕೇ ಅಜ್ಜಿ ಅಷ್ಟು ದೂರದಿಂದ ಬರ್ತಿರೋದು."

ಸೋದರಮಾವ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತು ಮುಖ ಒರೆಸಿಕೊಂಡರು. ಪಾಪ, ಕಲ್ಲಿನಂಥ ಮನುಷ್ಯನಿಗೂ ಕರುಳು ಚುರುಕ್ ಅಂದಿತಲ್ಲ ಎಂದುಕೊಂಡೆ.

"ಆಯ್ತು," ಎಂದರು ಕೊನೆಗೆ. "ಪೊಲೀಸ್ ಗಿಲೀಸ್ ಅಂತ ಹೋಗಬೇಡಿ, ಅಂಗಡಿ ಹೆಸರು ಬೀದಿಗೆ ಬೀಳುತ್ತೆ. ಹಳೇ ಕ್ಯಾಮೆರಾ ಕೊಳ್ಳೋ ಮಾರೋ ಜನ ಎಲ್ಲಾ ನನಗೆ ಗೊತ್ತು. ಕಂದು ಚೀಲದಲ್ಲಿ ಇಂಥದ್ದೊಂದು ಬಂದ್ರೆ ಹಿಡಿದಿಟ್ಕೊಳ್ಳಿ ಅಂತ ನಾಲ್ಕು ಕಡೆ ಹೇಳ್ತೀನಿ. ಆದ್ರೆ ನೀವು ಇವತ್ತೇ ಆ ಪುಟ ಮುಚ್ಚಬೇಕು. ಕೆಲಸ ನಾನು ತಂದ್ಕೊಡ್ತೀನಿ, ಮೊದಲಿನ ಹಾಗೆ."

ಡಾಕ್ಟರು ಮಗಳ ಮುಖ ನೋಡದೆ ತಲೆಯಾಡಿಸಿದರು. "ಹಾಗೇ ಮಾಡೋಣ. ಬೇರೆಯವರ ಜೀವದಂಥ ವಸ್ತು ಕಳೆದ ಮೇಲೆ ಯಾವ ಮುಖ ಇಟ್ಕೊಂಡು ಅಂಗಡಿ ನಡೆಸೋದು?"

ಮಗಳು ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ರಟ್ಟಿನ ಪೆಟ್ಟಿಗೆಗೆ ಹಾಕತೊಡಗಿದಳು. ಅವಳ ಬೆರಳಿನಿಂದ ರಕ್ತ ಬರುತ್ತಿದ್ದುದನ್ನು ಮೊದಲು ನೋಡಿದವರು ಭಾವ. "ಸಾಕು ಬಿಡು ತಾಯಿ. ಸಂಜೆ ತನಕ ಪುಟ ಹಾಗೇ ಇರಲಿ. ಅಜ್ಜಿ ಬಂದ ಮೇಲೆ ಎಲ್ಲರೂ ಇಲ್ಲೇ ಸೇರೋಣ. ಆಮೇಲೆ ಮುಚ್ಚೋದಾದ್ರೆ ಮುಚ್ಚಿ."

ಸೋದರಮಾವ ಹೆಲ್ಮೆಟ್ ಎತ್ತಿಕೊಂಡು ಹೊರಟರು. ಭಾವ ನಾನು ಬಿಡಿಸಿಟ್ಟ ಸ್ಟೂಲ್ ಮೇಲೆ ಕೂತು ಮೇಜಿನ ಮೇಲಿದ್ದ ಸಾಮಾನುಗಳತ್ತ ಕಣ್ಣಾಡಿಸಿದರು. ಅಲ್ಲೊಂದು ಪೆಟ್ಟಿಗೆಯಂಥ ಹಳೆಯ ಕ್ಯಾಮೆರಾ ಇತ್ತು. ಮೇಲಿನಿಂದ ಬಗ್ಗಿ, ಅದರ ನೆತ್ತಿಯ ಗಾಜಿನಲ್ಲಿ ಎದುರಿನ ದೃಶ್ಯ ನೋಡುವಂಥದ್ದು.

"ಇದು ಈಗ ಸರಿ ಇದೆಯಾ?"

"ಸರಿ ಇದೆ. ನೋಡಿ ಬೇಕಾದ್ರೆ," ಎಂದರು ಡಾಕ್ಟರು, ಬೇರೆ ಏನನ್ನೋ ಯೋಚಿಸುತ್ತ.

ಭಾವ ಬಗ್ಗಿ ನೋಡಿದರು. "ಬಲಗೈ ಎತ್ತು ನೋಡೋಣ," ಎಂದರು ನನಗೆ. ಎತ್ತಿದೆ. "ಇಳಿಸು. ಈಗ ಎಡಗೈ." ಮನೆಯಲ್ಲಿ ಸಾವಾದಂತಿರುವಾಗ ಇದೆಂಥ ಹುಡುಗಾಟ ಎಂದು ನನಗೆ ನಾಚಿಕೆಯಾಯಿತು. ಭಾವ ತಲೆ ಎತ್ತಿದಾಗ ಮುಖದಲ್ಲಿ ನಗು ಇರಲಿಲ್ಲ. ಜೇಬಿನಲ್ಲಿದ್ದ ಪ್ರಿಂಟನ್ನು ತೆಗೆದು ಮತ್ತೊಮ್ಮೆ ನೋಡಿ, ಹಾಗೇ ಒಳಗಿಟ್ಟರು.

"ಡಾಕ್ಟರೇ, ಅಜ್ಜಿ ಕ್ಯಾಮೆರಾನ ಯಾವುದರಲ್ಲಿ ಇಟ್ಟಿದ್ರಿ? ಕಪ್ಪು ಚೀಲ ನಮ್ಮ ದರ್ಜಿ ಹತ್ರ ಇದೆಯಲ್ಲ."

"ಹೌದು. ಅದನ್ನ ಕೊಟ್ಟು ಬಂದ ಮೇಲೆ ಬರೀ ಮೈಯಲ್ಲಿ ಇಡೋದು ಬೇಡ ಅನ್ನಿಸ್ತು. ಹಳೇ ಕಂದು ಚೀಲ ಒಂದಿತ್ತು, ಅದರಲ್ಲಿ ಹಾಕಿ ಖಾನೆಗೆ ಬೀಗ ಹಾಕಿದೆ. ಆಮೇಲೆ ಅಂಗಡಿ ಮುಚ್ಚಿದೆ."

"ಅದನ್ನ ಯಾರಿಗಾದ್ರೂ ಹೇಳಿದ್ರಾ?"

"ಹೇಳೋವಂಥದ್ದು ಏನಿದೆ ಅದರಲ್ಲಿ? ಮಗಳಿಗೂ ಹೇಳಿಲ್ಲ."

ಭಾವ ಮಗಳತ್ತ ತಿರುಗಿದರು. "ನಿನ್ನ ಪುಟದಲ್ಲಿ ಈ ಅಜ್ಜಿ ಕ್ಯಾಮೆರಾ ಚಿತ್ರ ಹಾಕಿದ್ದೆಯಾ?"

"ಹಾಕಿದ್ದೆ. ಬಂದ ದಿನ, ಕಪ್ಪು ಚೀಲದ ಜೊತೆ." ಅವಳು ತಡೆದು ಕೇಳಿದಳು, "ಈ ಪುಟ ಮಾಡಿದ್ದೇ ತಪ್ಪಾ?"

"ಆ ದೊಡ್ಡ ಚಿತ್ರ ಇದೆಯಲ್ಲ, ಅದನ್ನ ತೆಗೆದ ಹಾಗೇ ಹಾಕಿದ್ದಾ, ಏನಾದ್ರೂ ತಿದ್ದಿದ್ದಾ?"

ಅವಳು ಉತ್ತರ ಕೊಟ್ಟಳು. ಆದರೆ ಆ ಹೊತ್ತಿಗೆ ಕೊರಿಯರ್ ಮನುಷ್ಯ ಮುಂಬಾಗಿಲಲ್ಲಿ ಗಂಟೆ ಒತ್ತಿದ್ದರಿಂದ ನಾನು ಅತ್ತ ಹೋದೆ. ಉತ್ತರ ನನ್ನ ಕಿವಿಗೆ ಬೀಳಲಿಲ್ಲ. ಆತ ಪ್ರತಿದಿನ ಈ ಅಂಗಡಿಗೆ ಬರುವವನು. ಭಾವ ಅವನನ್ನೂ ಮಾತಾಡಿಸಿದರು. "ನನ್ನದೆಲ್ಲ ಈ ಕೌಂಟರ್ ತನಕ ಸಾರ್," ಎಂದ ಅವನು. "ಒಳಗೆ ಹೇಗಿದೆ ಅಂತ ನಾನೂ ಅವರ ಪುಟದಲ್ಲೇ ನೋಡಿರೋದು."

ಆಮೇಲೆ ಭಾವ ಒಬ್ಬರೇ ಸ್ಟುಡಿಯೋದೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಂದೇ ನಿಮಿಷದಲ್ಲಿ ಹೊರಬಂದರು.

ಆ ದಿನ ನನ್ನ ಕೈಯಲ್ಲಿ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. "ಯಾರು ಅಂತ ಗೊತ್ತಾಯ್ತಾ?" ಎಂದು ಕೇಳಿದೆ.

"ಯಾರು ಅಂತ ಗೊತ್ತಾಗೋದು ಸುಲಭ," ಎಂದರು ಭಾವ. "ಅವನು ಹಿಂಬಾಗಿಲು ತೆರೆದಿದಾನೋ ಇಲ್ವೋ, ಅದೇ ಗೊತ್ತಾಗ್ತಿಲ್ಲ. ಈಗ ಹೋಗಿ ಕೊರಳಪಟ್ಟಿ ಹಿಡಿದ್ರೆ ಗಾಬರಿಯಲ್ಲಿ ಎಲ್ಲಿಗಾದ್ರೂ ಎಸೆದುಬಿಟ್ಟಾನು. ಅವನಾಗಿ ತರೋ ತನಕ ಕಾಯಬೇಕು."

ಸಂಜೆ ವರ್ಕ್‌ಶಾಪಿನ ಒಡೆದ ಕಿಟಕಿಗೆ ರಟ್ಟು ಹೊಡೆದಿತ್ತು. ಅಜ್ಜಿ ರೈಲಿನಿಂದ ನೇರ ಬಂದಿದ್ದರು. ಸಣ್ಣ ಮೈ, ನೆಟ್ಟನೆಯ ಬೆನ್ನು. ಡಾಕ್ಟರ ಮಗಳು ಅವರ ಕೈ ಹಿಡಿದು ನಡೆದದ್ದನ್ನೆಲ್ಲ ತಾನೇ ಹೇಳಿದಳು. ಅಜ್ಜಿ ಪೂರ್ತಿ ಕೇಳಿ, ಸೀರೆಯ ಅಂಚನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಯಾರ ಮೇಲಾದ್ರೂ ಅನುಮಾನ ಇದೆಯಾ?" ಎಂದಷ್ಟೇ ಕೇಳಿದರು. ರೋಗಿಯ ಜ್ವರ ಎಷ್ಟಿದೆ ಎಂದು ಕೇಳುವ ದನಿಯಲ್ಲಿ.

ಡಾಕ್ಟರು ಅವರೆದುರು ಕೈಕಟ್ಟಿ ನಿಂತಿದ್ದರು. ಸ್ಟುಡಿಯೋ ಚಿಕ್ಕಪ್ಪ ಒಳಬಾಗಿಲಿಗೆ ಒರಗಿದ್ದರು. ಕೊರಿಯರ್ ಮನುಷ್ಯನನ್ನೂ ಕರೆಸಲಾಗಿತ್ತು. ಎಲ್ಲರಿಗಿಂತ ಕೊನೆಗೆ ಬಂದ ಸೋದರಮಾವ ಹೆಲ್ಮೆಟನ್ನು ಮತ್ತೆ ಅದೇ ಮೇಜಿನ ಮೇಲಿಟ್ಟರು.

"ಒಳ್ಳೇ ಸುದ್ದಿ ಇದೆ," ಎಂದರು. "ಒಬ್ಬ ವ್ಯಾಪಾರಿ ಹತ್ರ ಆ ಥರದ್ದು ಬಂದಿದೆಯಂತೆ. ನನ್ನ ಮಾತಿಗೆ ಬೆಲೆ ಕೊಡೋ ಮನುಷ್ಯ. ನಾಳೆ ತರ್ತೀನಿ. ಅಷ್ಟರಲ್ಲಿ ಪುಟದ ವಿಷಯ ತೀರ್ಮಾನ ಆಗಿರಲಿ."

ಅಜ್ಜಿ ಕಣ್ಣು ಮುಚ್ಚಿ ತೆರೆದರು. ಡಾಕ್ಟರು ಭಾಮೈದನಿಗೆ ಕೈ ಮುಗಿಯಲು ಹೋದರು.

"ಸ್ವಲ್ಪ ಇರಿ ಡಾಕ್ಟರೇ," ಎಂದರು ಭಾವ, ಸ್ಟೂಲ್ ಮೇಲೆ ಕುಳಿತೇ. "ಕೈ ಮುಗಿಯೋಕೆ ಮುಂಚೆ ಈ ಚಿತ್ರ ನೋಡಿ. ಕಳ್ಳ ಇದನ್ನ ನೋಡ್ಕೊಂಡೇ ಒಳಗೆ ಬಂದ ಅಂತ ನಾವೆಲ್ಲ ನಂಬಿದ್ವಿ. ಕಿಟಕಿ ಹಾರಿ ಬಂದವನ ಜೇಬಲ್ಲಿದ್ದ ಕಾಗದ ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಗೆ ಇದ್ದದ್ದು ನೋಡಿ ನನಗೆ ಮೊದಲ ಅನುಮಾನ ಬಂತು. ಆಮೇಲೆ ಆ ಪೆಟ್ಟಿಗೆ ಕ್ಯಾಮೆರಾದಲ್ಲಿ ಬಗ್ಗಿ ನೋಡಿದೆ. ನಮ್ಮ ದರ್ಜಿ ಬಲಗೈ ಎತ್ತಿದ್ರೆ ಗಾಜಿನಲ್ಲಿ ಎಡಗಡೆಯ ಕೈ ಎದ್ದ ಹಾಗೆ ಕಾಣ್ತು. ಅವನ ಅಂಗಿ ಜೇಬು ಆ ಕಡೆಯಿಂದ ಈ ಕಡೆಗೆ ಬಂದಿತ್ತು. ಈಗ ಈ ಪ್ರಿಂಟಿನಲ್ಲಿ ಡಾಕ್ಟರ ಜೇಬು ಯಾವ ಕಡೆ ಇದೆ?"

ಪ್ರಿಂಟು ನನ್ನ ಕೈಗೆ ಬಂತು. ಬಲಎದೆ. ಡಾಕ್ಟರ ಆ ಅಂಗಿಯನ್ನು ಹೊಲಿದವನು ನಾನು. ಜೀವಮಾನದಲ್ಲಿ ಗಂಡಸರ ಅಂಗಿಗೆ ಬಲಗಡೆ ಜೇಬು ಇಟ್ಟವನಲ್ಲ. ಬೆಳಿಗ್ಗೆ ಇದೇ ಚಿತ್ರವನ್ನು ಕಣ್ಣು ತುಂಬ ನೋಡಿದ್ದೆ. ನನ್ನ ಕಸುಬಿಗಿಷ್ಟು ಬೆಂಕಿ ಹಾಕ ಅನ್ನಿಸಿತು.

"ಚಿತ್ರ ಉಲ್ಟಾ ಇದೆ," ಎಂದೆ.

"ಉಲ್ಟಾ ಮಾಡಿದ್ದು ನಾನೇ," ಎಂದಳು ಮಗಳು. "ಅಪ್ಪ ಪುಟದ ಹೊರಗಡೆ ನೋಡ್ತಿರೋ ಹಾಗೆ ಇತ್ತು. ಬರಹದ ಕಡೆ ಮುಖ ಇದ್ರೆ ಓದೋರ ಕಣ್ಣೂ ಆ ಕಡೆ ಹೋಗುತ್ತೆ ಅಂತ ತಿರುಗಿಸಿದ್ದೆ. ಬೆಳಿಗ್ಗೆ ನೀವು ಕೇಳಿದಾಗ ಹೇಳಿದ್ನಲ್ಲ. ಆದ್ರೆ ಅದರಿಂದ ಏನು?"

"ಅದರಿಂದಲೇ ಎಲ್ಲಾ. ಈ ಚಿತ್ರದಲ್ಲಿ ಮುಗಿದ ಕೆಲಸದ ಖಾನೆ ಎಡತುದಿಗೆ ಇದೆ. ಕೆಂಪು ಗೆರೆ ಇರೋದೂ ಅಲ್ಲೇ. ಒಡೆದಿರೋ ಖಾನೆ ನೋಡಿ. ಬಲತುದಿ. ಪುಟ ನೋಡಿ ಕದಿಯೋಕೆ ಬಂದವನು ಎಡತುದಿಯ ಖಾನೆ ಮೀಟಬೇಕಿತ್ತು. ಅದರ ಮೇಲೆ ಒಂದು ಗೀರೂ ಇಲ್ಲ. ಅಂದ್ರೆ ಕಳ್ಳನಿಗೆ ಚಿತ್ರ ಬೇಕಾಗಿರಲಿಲ್ಲ. ಈ ಕೋಣೆಯಲ್ಲಿ ಕೂತು ಎದ್ದು ಅಭ್ಯಾಸ ಇದ್ದವನು. ಕೈ ತಾನಾಗಿ ಸರಿಯಾದ ಕಡೆ ಹೋಯ್ತು. ತಪ್ಪನ್ನ ಅಂತರ್ಜಾಲದ ತಲೆಗೆ ಕಟ್ಟೋಕೆ ಪ್ರಿಂಟು ತೆಗೆದು, ಗೆರೆ ಎಳೆದು, ಇಲ್ಲಿ ಬಿಟ್ಟುಹೋದ."

ಭಾವ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಮುಂದುವರಿಸಿದರು.

"ಕೊರಿಯರ್‌ನವರು ಈ ಕೋಣೆ ನೋಡಿದ್ದು ಪುಟದಲ್ಲಿ ಮಾತ್ರ. ಅವರಾಗಿದ್ರೆ ಎಡತುದಿ ಒಡೀತಿದ್ರು. ಮಗಳಿಗೆ ಚಿತ್ರ ತಿರುಗಿರೋದು ಗೊತ್ತು, ಅವಳು ಈ ಪ್ರಿಂಟನ್ನ ಸಾಕ್ಷಿ ಅಂತ ಬಿಡ್ತಿರಲಿಲ್ಲ. ಇನ್ನು ಚಿಕ್ಕಪ್ಪ. ಇವರಿಗೆ ಪುಟದ ಮೇಲೆ ಸಿಟ್ಟಿದೆ, ಕೋಣೆಯೂ ಗೊತ್ತು. ಅದಕ್ಕೇ ಬೆಳಿಗ್ಗೆ ಒಬ್ಬರೇ ಇದ್ದಾಗ ಚಿತ್ರ ತೋರಿಸಿದೆ."

"ಯಾವ ದಡ್ಡ ತೊಳೆದದ್ದು, ನೆಗೆಟಿವ್ ಹಿಂದುಮುಂದಾಗಿದೆ ಅಂದೆ," ಎಂದರು ಚಿಕ್ಕಪ್ಪ ಗೊಣಗುತ್ತ.

"ಕೈಗೆ ಕೊಟ್ಟ ಕೂಡಲೇ ಅಂದ್ರು. ಇಂಥಾ ಕಣ್ಣಿರೋರು ಈ ತಪ್ಪು ಮಾಡಿ ಗೆರೆ ಎಳೀತಾರಾ? ಹಾಗಾದ್ರೆ ಉಳಿದದ್ದು ಯಾರು?" ಭಾವ ಸೋದರಮಾವನ ಕಡೆ ತಿರುಗಿದರು. "ಒಂದು ಕಾಲದಲ್ಲಿ ನೀವು ದಿನಾ ಇಲ್ಲಿ ಕೂತಿರ್ತಿದ್ರಿ."

"ಕೂತಿದ್ದೆ. ಅದೇ ಅಪರಾಧಾನಾ?"

"ಅಲ್ಲ. ಕಂದು ಚೀಲದಲ್ಲಿ ಕ್ಯಾಮೆರಾ ಬಂದ್ರೆ ಹೇಳಿ ಅಂತ ನಾಲ್ಕು ಕಡೆ ತಿಳಿಸ್ತೀನಿ ಅಂದ್ರಿ. ಪುಟದಲ್ಲಿರೋದು ಕಪ್ಪು ಚೀಲ. ಇವತ್ತು ಬೆಳಿಗ್ಗೆ ತನಕ ಮಗಳಿಗೆ ಗೊತ್ತಿದ್ದದ್ದೂ ಕಪ್ಪು ಚೀಲ. ಡಾಕ್ಟರು ಅದನ್ನ ಕಂದು ಚೀಲಕ್ಕೆ ಹಾಕಿದ್ದು ನಿನ್ನೆ ಅಂಗಡಿ ಮುಚ್ಚೋ ಹೊತ್ತಿಗೆ, ಯಾರಿಗೂ ಹೇಳದೆ. ತಿಂಗಳುಗಟ್ಟಲೆ ಇಲ್ಲಿಗೆ ಕಾಲಿಡದ ನಿಮಗೆ ಆ ಬಣ್ಣ ಎಲ್ಲಿ ಕಾಣ್ತು?"

ಸೋದರಮಾವ ಮೇಜಿನ ಮೇಲಿದ್ದ ಹೆಲ್ಮೆಟ್ಟಿಗೆ ಕೈ ಹಾಕಿದರು.

"ಕ್ಯಾಮೆರಾ ಮಾರೋ ಉದ್ದೇಶ ನಿಮಗಿರಲಿಲ್ಲ," ಭಾವನ ದನಿ ಮೆತ್ತಗಾಯಿತು. "ಗಿರಾಕಿಗಳು ನೇರವಾಗಿ ಇಲ್ಲಿಗೆ ಬರೋಕೆ ಶುರುವಾದ ಮೇಲೆ ನಿಮ್ಮ ಕೈಯಲ್ಲಿದ್ದ ಹಗ್ಗ ಜಾರಿತು. ಒಂದು ಸಲ ಹೆದರಿಸಿ, ಆಮೇಲೆ ನೀವೇ ಹುಡುಕಿ ಕೊಟ್ಟು ದೇವರಾದ್ರೆ, ಪುಟ ಮುಚ್ಚಿ ಎಲ್ಲರೂ ಮೊದಲಿನ ಹಾಗೆ ನಿಮ್ಮ ಕೈ ನೋಡ್ತಾರೆ ಅನ್ನೋ ಲೆಕ್ಕ. ಹುಡುಕಿ ಕೊಡೋ ವಸ್ತುನ ದೂರ ಇಡೋಕಾಗಲ್ಲ, ಮನೆಯಲ್ಲಿಟ್ರೆ ಹೆಂಡತಿ ಕೇಳ್ತಾರೆ. ಸ್ಕೂಟರ್ ಸೀಟಿನ ಕೆಳಗೆ ಜಾಗ ಇದ್ರೂ ನೀವು ಎರಡು ಸಲಾನೂ ಹೆಲ್ಮೆಟ್ ಹೊತ್ಕೊಂಡೇ ಒಳಗೆ ಬಂದ್ರಿ. ಆ ಜಾಗದಲ್ಲಿ ಕ್ಯಾಮೆರಾ ಇದೆ ಅನ್ನೋದೊಂದು ಮಾತ್ರ ನನ್ನ ಊಹೆ. ನಾಳೆ ತನಕ ಯಾಕೆ? ಈಗಲೇ ಹೋಗಿ ತನ್ನಿ."

ಸೋದರಮಾವ ಡಾಕ್ಟರ ಮುಖ ನೋಡಿದರು. ಡಾಕ್ಟರು ಗೋಡೆಯತ್ತ ತಿರುಗಿ ನಿಂತಿದ್ದರು. ಕೊನೆಗೆ ಸೋದರಮಾವ ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಸೀಟು ಎತ್ತಿ, ಹಳೇ ಟವೆಲ್ಲಿನಲ್ಲಿ ಸುತ್ತಿದ್ದ ಕಂದು ಚೀಲ ತೆಗೆದು ನನ್ನ ಕೈಗೆ ಕೊಟ್ಟರು.

ಒಳಗೆ ಅಜ್ಜಿ ಒಂದೇ ಪ್ರಶ್ನೆ ಕೇಳಿದರು. "ಹಿಂದಿನ ಬಾಗಿಲು ತೆಗೆದ್ರೇನಪ್ಪಾ?"

ಸೋದರಮಾವ ಬಾಗಿಲ ಹತ್ತಿರವೇ ನಿಂತರು. "ತೆಗೆದೆ ಅಮ್ಮ. ಇವತ್ತು ಬೆಳಿಗ್ಗೆ. ಅಭ್ಯಾಸಬಲ. ಫಿಲ್ಮ್ ಕಂಡ ಕೂಡಲೇ ಮುಚ್ಚಿದೆ. ಅದು ಯಾರದು ಅಂತ ಗೊತ್ತಿರಲಿಲ್ಲ. ಇವಳು ಹೇಳಿದ ಮೇಲೆ ಇಡೀ ದಿನ ನನಗೆ ಅನ್ನ ಇಳಿದಿಲ್ಲ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಮುಂದೆ ಬಂದವರು, ಯಾರೂ ನೆನೆಸಿರಲಿಲ್ಲ, ಸ್ಟುಡಿಯೋ ಚಿಕ್ಕಪ್ಪ.

"ಸುತ್ತಿಕೊಂಡಿರೋ ಫಿಲ್ಮ್ ಅದು. ಬೆಳಕು ಹೊರಗಿನ ಸುತ್ತನ್ನ ಸುಟ್ಟಿರುತ್ತೆ. ಒಳಗಿನ ಸುತ್ತು ಉಳಿದಿರಬಹುದು," ಎಂದು ಕ್ಯಾಮೆರಾವನ್ನು ನನ್ನ ಕೈಯಿಂದ ತೆಗೆದುಕೊಂಡರು. "ಡಾರ್ಕ್‌ರೂಮ್ ಕಸ ಗುಡಿಸಿ ವರ್ಷಗಳಾದ್ವು. ಆದ್ರೆ ಸಾಮಾನೆಲ್ಲ ಇದೆ. ಅಣ್ಣಾ, ನೀರು ಕಾಯಿಸು. ಪುಟ್ಟೀ, ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕು."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಹೊರಗೆ ಉಳಿದವರಿಗೆ ಕಾಯುವುದಷ್ಟೇ ಕೆಲಸ. ಸೋದರಮಾವ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಹೋಗು ಎಂದು ಯಾರೂ ಹೇಳಲಿಲ್ಲ, ಒಳಗೆ ಬಾ ಎಂದೂ ಹೇಳಲಿಲ್ಲ. ಡಾಕ್ಟರು ಒಮ್ಮೆ ಅವರ ಹತ್ತಿರ ಹೋಗಿ, "ನಿನ್ನಕ್ಕ ಇದ್ದಿದ್ರೆ ಇವತ್ತು ನಿನಗೆ ಏನಂತಿದ್ಲು ಅನ್ನೋದನ್ನ ನೀನೇ ಯೋಚನೆ ಮಾಡು. ನನ್ನ ಹತ್ರ ಮಾತಿಲ್ಲ," ಎಂದು ಹೇಳಿ ಮರಳಿದರು. ಪೊಲೀಸರ ವಿಷಯ ಎತ್ತಿದಾಗ ಅಜ್ಜಿ, "ಅದು ಆಮೇಲೆ. ಮೊದಲು ಫಿಲ್ಮ್," ಎಂದರು.

"ಪುಟ ಏನು ಮಾಡ್ಲಿ ಅಪ್ಪಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ಇರಲಿ. ಈ ಅಮ್ಮ ನಮ್ಮನ್ನ ಹುಡುಕ್ಕೊಂಡು ಬಂದದ್ದೇ ಅದರಿಂದ."

"ನಡೆದದ್ದನ್ನ ಮುಚ್ಚಿಡಲ್ಲ. ಕ್ಯಾಮೆರಾ ಕೊಟ್ಟಿರೋ ಎಲ್ಲರಿಗೂ ಇವತ್ತೇ ಬರೀತೀನಿ. ಖಾನೆ ಒಡೆದಿತ್ತು, ವಸ್ತು ಸಿಕ್ಕಿದೆ ಅಂತ. ವಾಪಸ್ ಬೇಕು ಅನ್ನೋರಿಗೆ ನಮ್ಮ ಖರ್ಚಿನಲ್ಲೇ ಕಳಿಸೋಣ."

"ಬರಿ," ಎಂದರು ಭಾವ. "ನಿನ್ನ ಅಪ್ಪನ ಕೈ ತೋರಿಸು, ಕೆಲಸ ತೋರಿಸು, ಮುಖ ತೋರಿಸು. ಆದ್ರೆ ವಸ್ತು ಎಲ್ಲಿಡ್ತೀವಿ ಅನ್ನೋದನ್ನ ಮಾತ್ರ ಯಾರಿಗೂ ತೋರಿಸಬೇಡ ತಾಯಿ. ಈ ಸಲ ಕದ್ದವನು ಮನೆಯವನಾದ, ಮುಂದಿನ ಸಲ ಹಾಗೇ ಆಗಬೇಕು ಅಂತಿಲ್ಲ." ಅವಳು ಅಲ್ಲಿಯೇ ಫೋನ್ ತೆಗೆದು ಆ ಚಿತ್ರವನ್ನು ಅಳಿಸಿದಳು.

ಡಾರ್ಕ್‌ರೂಮಿನ ಬಾಗಿಲು ತೆರೆದಾಗ ಚಿಕ್ಕಪ್ಪನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. "ಮುಕ್ಕಾಲು ಪಾಲು ಸುಟ್ಟಿದೆ," ಎಂದರು. ಅಜ್ಜಿ ಏಳಲಿಲ್ಲ. "ಮೊದಲಲ್ಲಿ ತೆಗೆದ ಕೆಲವು ಒಳಸುತ್ತಿನಲ್ಲಿದ್ದವು. ಅವು ಉಳಿದಿವೆ. ಬನ್ನಿ ಅಮ್ಮ, ಒಂದನ್ನ ಪ್ರಿಂಟ್ ಹಾಕ್ತಿದೀನಿ. ನೀವೇ ನೋಡಿ."

ಕೆಂಪು ದೀಪದ ಕೆಳಗೆ ನಾವೆಲ್ಲ ಒತ್ತೊತ್ತಾಗಿ ನಿಂತೆವು. ಚಿಕ್ಕಪ್ಪ ಬಿಳಿ ಕಾಗದವನ್ನು ತಟ್ಟೆಯ ಔಷಧಿ ನೀರಿನೊಳಗೆ ಜಾರಿಸಿ, ತಟ್ಟೆಯನ್ನು ತೊಟ್ಟಿಲಿನ ಹಾಗೆ ತೂಗಿದರು. ಮೊದಲು ಏನೂ ಇರಲಿಲ್ಲ. ಆಮೇಲೆ ಬಾಗಿಲ ಚೌಕಟ್ಟಿನ ಗೆರೆ ಮೂಡಿತು. ಒಣಗಲು ಹಾಕಿದ ಬಟ್ಟೆಯ ಸಾಲು. ನಿಧಾನವಾಗಿ ಒಬ್ಬ ನಡುವಯಸ್ಸಿನ ಹೆಂಗಸು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಸೌಟು, ಹುಬ್ಬು ಗಂಟಿಕ್ಕಿ, ಬಾಯಿ ತೆರೆದು.

"ಇದು ನಾನು," ಎಂದರು ಅಜ್ಜಿ.

ಚಿಕ್ಕಪ್ಪ ತಟ್ಟೆ ತೂಗುವುದನ್ನು ನಿಲ್ಲಿಸಿದರು.

"ಅವಳ ಮುಖ ಸಿಗುತ್ತೆ ಅಂತ ಬಂದೆ. ಫೋಟೋ ತೆಗೆಯೋಳು ಅವಳೇ ಆದ್ಮೇಲೆ ಅವಳ ಮುಖ ಹೇಗೆ ಸಿಗುತ್ತೆ? ಇದು ತಲೆಗೇ ಹೊಳೆದಿರಲಿಲ್ಲ ನೋಡಿ." ಅಜ್ಜಿ ತಟ್ಟೆಯ ಮೇಲೆ ಬಗ್ಗಿದರು. "ಬೈತಾ ಇದೀನಿ. ಊಟಕ್ಕೆ ಬಾ ಬಾ ಅಂತ ಕರೆದು ಸಾಕಾಗಿ ಬೈದದ್ದು. ಎದುರಿಗೆ ನಿಂತು ನಗ್ತಿದ್ಲು ಹಾಳಾದವಳು. ನಕ್ಕು ನಕ್ಕು ಕೈ ಅಲುಗಾಡಿದೆ, ಅದಕ್ಕೇ ಈ ಅಂಚು ಮಂಜಾಗಿರೋದು, ಅಲ್ವಾ?"

"ಹೌದಮ್ಮ," ಎಂದರು ಚಿಕ್ಕಪ್ಪ. "ಕೈ ಅಲುಗಾಡಿದೆ."

ಅಜ್ಜಿ ಆ ಮಂಜಾದ ಅಂಚನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು, "ಮುಂದಿನದು ಹಾಕಿ," ಎಂದರು.